ಇಸ್ಪೀಟಿನ ಹೊಸ ಶಬ್ದಕೋಶ

ಹತ್ತನೆಯ ತರಗತಿಯ ಗಣಿತದಲ್ಲಿ ‘ಸಂಭವನೀಯತೆ’ ಎಂಬ ಪಾಠವಿದೆ. ನಾಣ್ಯ ಚಿಮ್ಮಿಸುವುದು, ದಾಳ ಉರುಳಿಸುವುದು ಮುಗಿದ ಮೇಲೆ ಪುಸ್ತಕ ನೇರವಾಗಿ ಇಸ್ಪೀಟಿಗೇ ಬರುತ್ತದೆ. ಐವತ್ತೆರಡು ಎಲೆಗಳ ಕಟ್ಟಿನಿಂದ ಒಂದನ್ನು ತೆಗೆದರೆ ಅದು ರಾಜನಾಗಿರುವ ಸಂಭವ ಎಷ್ಟು, ಕೆಂಪು ರಾಣಿಯಾಗಿರುವ ಸಂಭವ ಎಷ್ಟು, ಇತ್ಯಾದಿ. ವಿಜ್ಞಾನದ ಜೊತೆಗೆ ಗಣಿತವನ್ನೂ ತೆಗೆದುಕೊಳ್ಳುವ ನನ್ನಂಥ ಮೇಷ್ಟ್ರುಗಳಿಗೆ ಮೊದಮೊದಲು ಈ ಲೆಕ್ಕಗಳೆಂದರೆ ಸ್ವಲ್ಪ ಮುಜುಗರ. ಇಸ್ಪೀಟು ಎಂಬ ಮಾತೇ ನಿಷಿದ್ಧವಾಗಿದ್ದ ಮನೆಗಳಿಂದ ಬಂದ ಮಕ್ಕಳಿಗೆ ಆಟೀನು, ಕಳಾವರ್ ಎಂದರೇನೆಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬೇಕಾಗಿತ್ತು.

ಈಗ ಆ ತಾಪತ್ರಯವಿಲ್ಲ. ಮಕ್ಕಳಿಗೆ ಎಲೆಗಳು ಗೊತ್ತು. ಎಲೆಗಳಿಗಿಂತ ಹೆಚ್ಚಿನದೂ ಗೊತ್ತು. ‘ಐದು ಎಲೆಯೂ ಒಂದೇ ಜಾತಿಯದಾದರೆ?’ ಎಂದು ನಾನು ವಾಕ್ಯ ಮುಗಿಸುವುದರೊಳಗೆ ಹಿಂದಿನ ಬೆಂಚಿನಿಂದ ‘ಫ್ಲಶ್ ಸಾರ್’ ಎಂದು ಉತ್ತರ ಬರುತ್ತದೆ. ಇದು ಅಂಗಡಿ ಜಗಲಿಯ ಮೂರೆಲೆಯಿಂದ ಕಲಿತದ್ದಲ್ಲ, ದೀಪಾವಳಿಯ ರಾತ್ರಿಯ ರಮ್ಮಿಯಿಂದಲೂ ಅಲ್ಲ. ಇದು ಅಮೆರಿಕದಲ್ಲಿ ಹುಟ್ಟಿ, ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಬೆಳೆದು, ಈಗ ಫೋನಿನ ಗಾಜಿನ ಮೇಲೆ ಬಂದು ಕುಳಿತಿರುವ ಪೋಕರ್ ಆಟದ ಭಾಷೆ.

ಈ ಭಾಷೆ ಗೊತ್ತಿಲ್ಲದ ಪೋಷಕರ ಪಾಡೇನು? ಪರಿಚಯದ ಹಾರ್ಡ್‌ವೇರ್ ಅಂಗಡಿಯವರೊಬ್ಬರ ಮಗ ನನ್ನ ಹಳೆಯ ಶಿಷ್ಯ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. 2024ರ ಬೇಸಿಗೆಯಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ, ಒಂದು ರಾತ್ರಿ ಅವನು ಗೆಳೆಯನಿಗೆ ಫೋನಿನಲ್ಲಿ ‘ಎಲ್ಲಾ ರಿವರ್‌ನಲ್ಲಿ ಹೋಯ್ತು ಮಗಾ’ ಎಂದದ್ದು ತಂದೆಯ ಕಿವಿಗೆ ಬಿತ್ತು. ಬೆಳಗಾಗುವುದೇ ತಡ, ಅವರು ನನ್ನ ಮನೆ ಬಾಗಿಲಲ್ಲಿದ್ದರು. ‘ಮೇಷ್ಟ್ರೇ, ಇವರೆಲ್ಲ ಹೊಳೆಗೇನಾದ್ರೂ ಈಜೋಕೆ ಹೋಗಿದ್ರೋ ಏನೋ. ಯಾರಾದ್ರೂ ಹುಡುಗ್ರಿಗೆ ಹೆಚ್ಚುಕಮ್ಮಿ ಆಯ್ತೋ? ಕೇಳಿದ್ರೆ ಬಾಯೇ ಬಿಡಲ್ಲ. ನೀವಾದ್ರೂ ಕೇಳಿ’ ಎಂದರು.

ನೀರುಪಾಲಾಗಿದ್ದದ್ದು ಹುಡುಗರಲ್ಲ, ಹಾಸ್ಟೆಲಿಗೆ ಕಟ್ಟಬೇಕಾಗಿದ್ದ ನಲವತ್ತೆರಡು ಸಾವಿರ ರೂಪಾಯಿ.

ಹುಡುಗ ಸಂಜೆ ಬಂದ. ತಲೆ ತಗ್ಗಿಸಿ ಕುಳಿತವನಿಗೆ ಉಪದೇಶ ಮಾಡುವುದು ಸುಲಭ. ಅದನ್ನು ಅವನು ಆಗಲೇ ಮನಸ್ಸಿನಲ್ಲಿ ತಾನೇ ಹತ್ತು ಸಲ ಮಾಡಿಕೊಂಡಿರುತ್ತಾನೆ. ವಿಜ್ಞಾನದ ಮೇಷ್ಟ್ರಿಗೆ ಬೇರೆ ಒಂದು ಅಭ್ಯಾಸವಿದೆ. ಯಾವುದೇ ಪಾಠಕ್ಕೆ ಮೊದಲು ಪದಗಳ ಅರ್ಥ ಖಚಿತವಾಗಬೇಕು. ‘ಬಲ’, ‘ಕೆಲಸ’, ‘ಶಕ್ತಿ’ ಇವು ಮನೆಯಲ್ಲಿ ಆಡುವ ಮಾತುಗಳೇ ಆದರೂ ಭೌತಶಾಸ್ತ್ರದಲ್ಲಿ ಅವಕ್ಕೆ ಒಂದೊಂದೇ ಅರ್ಥ. ಹಾಗಾಗಿ ಒಂದು ನೋಟ್‌ಬುಕ್ ತೆರೆದೆ. ‘ನೀನು ಪದ ಹೇಳು, ನಾನು ಅರ್ಥ ಬರ್ಕೋತೀನಿ. ಇವತ್ತು ನೀನೇ ಮೇಷ್ಟ್ರು’ ಎಂದೆ. ಅವನ ಮುಖದಲ್ಲಿ ಸ್ವಲ್ಪ ಗೆಲುವು ಬಂತು.

ಹೆಚ್ಚು ಮಂದಿ ಆಡುವ ಬಗೆಯ ಹೆಸರು ‘ಟೆಕ್ಸಾಸ್ ಹೋಲ್ಡೆಮ್’. ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ. ಇವು ‘ಹೋಲ್ ಕಾರ್ಡ್’. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ತೆರೆದುಕೊಳ್ಳುತ್ತವೆ: ಮೊದಲು ಒಟ್ಟಿಗೆ ಮೂರು, ಅದು ‘ಫ್ಲಾಪ್’, ನಾಲ್ಕನೆಯದು ‘ಟರ್ನ್’, ಐದನೆಯ, ಕಡೆಯ ಎಲೆ ‘ರಿವರ್’. ಅಂಗಡಿಯವರನ್ನು ರಾತ್ರಿಯಿಡೀ ಹೆದರಿಸಿದ ಹೊಳೆ ಇದೇ. ಈ ಏಳು ಎಲೆಗಳಲ್ಲಿ ಒಳ್ಳೆಯ ಐದನ್ನು ಆರಿಸಿ ಜೋಡಿಸಬೇಕು. ನಡುನಡುವೆ ಪಣ. ಮುಂದಿನವನ ಪಣಕ್ಕೆ ಸರಿಸಮ ಹಾಕಿದರೆ ‘ಕಾಲ್’, ಏರಿಸಿದರೆ ‘ರೇಸ್’, ಯಾರೂ ಪಣ ಕಟ್ಟದಿರುವಾಗ ಸುಮ್ಮನೆ ಮುಂದಕ್ಕೆ ಬಿಟ್ಟರೆ ‘ಚೆಕ್’, ಎಲೆ ಮಡಚಿ ಕೈಬಿಟ್ಟರೆ ‘ಫೋಲ್ಡ್’. ಇದ್ದದ್ದನ್ನೆಲ್ಲ ಒಮ್ಮೆಗೇ ಸುರಿದರೆ ‘ಆಲ್ ಇನ್’. ಧರ್ಮರಾಯ ಹಸ್ತಿನಾಪುರದ ಸಭೆಯಲ್ಲಿ ಮಾಡಿದ್ದು ಇದನ್ನೇ ಎಂದೆ. ಹುಡುಗ ನಕ್ಕ. ನಡುವೆ ಗುಡ್ಡೆಯಾಗುವ ಹಣ ‘ಪಾಟ್’.

‘ಬ್ಲೈಂಡ್’ ಎಂಬ ಪದ ನಮ್ಮ ಮೂರೆಲೆಯಲ್ಲೂ ಉಂಟು. ಅಲ್ಲಿ ಎಲೆ ನೋಡದೆ ಆಡುವುದು ಆಟಗಾರನ ಇಷ್ಟ. ಪೋಕರ್‌ನಲ್ಲಿ ಅದು ಕಡ್ಡಾಯದ ತೆರಿಗೆ: ಎಲೆ ಹಂಚುವ ಮೊದಲೇ ಸರದಿಯ ಪ್ರಕಾರ ಇಬ್ಬರು ‘ಸ್ಮಾಲ್ ಬ್ಲೈಂಡ್’, ‘ಬಿಗ್ ಬ್ಲೈಂಡ್’ ಕಟ್ಟಲೇಬೇಕು. ಸುಮ್ಮನೆ ಕುಳಿತರೂ ಹಣ ಕರಗುತ್ತದೆಂಬುದಕ್ಕೆ ಇದು ಮೊದಲ ಸಾಕ್ಷಿ. ಹುಡುಗರು ಪಣವನ್ನು ರೂಪಾಯಿಯಲ್ಲಿ ಹೇಳುವುದಿಲ್ಲ, ‘ಬಿಬಿ’ಯಲ್ಲಿ ಹೇಳುತ್ತಾರೆ; ಅಂದರೆ ಎಷ್ಟು ಬಿಗ್ ಬ್ಲೈಂಡ್ ಎಂದು. ‘ನೂರು ರೂಪಾಯಿ ಹಾಕು’ ಎಂದರೆ ಹಿಂಜರಿಯುವ ಕೈ ‘ಹತ್ತು ಬಿಬಿ’ ಎಂದರೆ ಹಿಂಜರಿಯುವುದಿಲ್ಲ. ಹಣ ಕಟ್ಟಿದ ಕೂಡಲೇ ಅದು ‘ಚಿಪ್’ ಆಗುತ್ತದೆ. ಅಪ್ಪ ಮೊಳೆ, ಕೀಲು, ಬಣ್ಣದ ಡಬ್ಬಿ ಮಾರಿ ಕೂಡಿಸಿದ ರೂಪಾಯಿ ಎಂಬುದು ಆ ಹೆಸರಿನ ಹಿಂದೆ ಮರೆಯಾಗುತ್ತದೆ.

ಗಣಿತದ ಮಟ್ಟಿಗೆ ಆಟ ಸುಂದರವಾಗಿದೆ, ಅದನ್ನು ಅಲ್ಲಗಳೆಯಲಾರೆ. 52 ಎಲೆಗಳಿಂದ ಐದೈದರ ಗುಂಪುಗಳನ್ನು 25,98,960 ರೀತಿಗಳಲ್ಲಿ ಆರಿಸಬಹುದು. ಇವುಗಳಲ್ಲಿ ‘ರಾಯಲ್ ಫ್ಲಶ್’, ಅಂದರೆ ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ, ಕೇವಲ ನಾಲ್ಕು. ಒಂದೇ ಒಂದು ಜೋಡಿ ಇರುವ ಗುಂಪುಗಳು 10,98,240. ಜೋಡಿಯೂ ಇಲ್ಲ, ಫ್ಲಶ್ಶೂ ಇಲ್ಲ, ಸಾಲೂ ಇಲ್ಲ ಎಂಬಂಥವು 13,02,540. ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಐದೆಲೆಯ ಕೈಗಳಿಗೆ ಮೇಲು ಕೀಳು ಕೊಟ್ಟಿರುವುದು ಅವುಗಳ ಅಪರೂಪವನ್ನು ನೋಡಿಯೇ.

ಹುಡುಗನಿಗೆ ‘ಔಟ್ಸ್’ ಲೆಕ್ಕ ಬಾಯಿಪಾಠವಾಗಿತ್ತು. ಫ್ಲಾಪ್ ಬಿದ್ದ ಮೇಲೆ ನಿಮಗೆ ಕಾಣುವ ಐದು ಎಲೆಗಳಲ್ಲಿ ನಾಲ್ಕು ಆಟೀನು ಎಂದಿಟ್ಟುಕೊಳ್ಳಿ. ಉಳಿದ ಆಟೀನು ಒಂಬತ್ತು, ಕಾಣದ ಎಲೆಗಳು 47. ಮುಂದಿನ ಎಲೆ ಆಟೀನಾಗುವ ಸಂಭವ 9/47, ಸುಮಾರು ಶೇಕಡ 19. ಇನ್ನೆರಡು ಎಲೆಗಳಲ್ಲಿ ಒಂದಾದರೂ ಆಟೀನಾಗುವ ಸಂಭವ ಸುಮಾರು ಶೇಕಡ 35. ಹತ್ತನೆಯ ತರಗತಿಯಲ್ಲಿ ಇದೇ ಪಾಠಕ್ಕೆ ಆಕಳಿಸುತ್ತಿದ್ದ ಹುಡುಗ ಈಗ ಕಾಗದ ಪೆನ್ಸಿಲಿಲ್ಲದೆ ಹೇಳುತ್ತಿದ್ದ. ಫಾನ್ ನಾಯ್ಮನ್ ಎಂಬ ಗಣಿತಜ್ಞ 1928ರಲ್ಲಿ ಆಟಗಳ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವನು. ‘ಬ್ಲಫ್’, ಅಂದರೆ ಕೆಟ್ಟ ಎಲೆ ಹಿಡಿದು ಒಳ್ಳೆಯದೆಂಬಂತೆ ಪಣ ಏರಿಸುವುದು, ಬರೀ ಕಪಟವಲ್ಲ, ಲೆಕ್ಕದ ಪ್ರಕಾರವೇ ಆಗಾಗ ಮಾಡಬೇಕಾದದ್ದು ಎಂದು ತೋರಿಸಿದವನೂ ಅವನೇ. ಇದನ್ನೆಲ್ಲ ಕೇಳುವಾಗ ಮೇಷ್ಟ್ರ ಮನಸ್ಸು ಅರಳುವುದು ಸಹಜ.

ಆದರೆ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಬಂದ ಪದಗಳು ಬೇರೆ ಜಾತಿಯವು. ‘ಬ್ಯಾಡ್ ಬೀಟ್’: ಗೆಲ್ಲಬೇಕಾದ ಕೈ ಸೋತರೆ ಆಗುವ ಪೆಟ್ಟು. ಎರಡು ಎಕ್ಕ ಹಿಡಿದವನು ಎರಡು ರಾಜ ಹಿಡಿದವನ ಎದುರು ಮೊದಲೇ ಎಲ್ಲವನ್ನೂ ಪಣವಿಟ್ಟರೆ ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತಾನೆ. ಹಾಗಾದರೆ ಉಳಿದ 18 ಸಲ? ಅದು ಅನ್ಯಾಯವಲ್ಲ, ಅದೂ ಆ ಲೆಕ್ಕದ್ದೇ ಭಾಗ. ಆದರೆ ಅದಕ್ಕೊಂದು ಹೆಸರಿಟ್ಟ ಕೂಡಲೇ ಅದು ದೈವ ಮಾಡಿದ ಮೋಸದಂತೆ ಕಾಣತೊಡಗುತ್ತದೆ. ಬಡ್ಡಿ ಸಮೇತ ವಾಪಸು ಬರಬೇಕಾದ ಸಾಲದಂತೆ ಕಾಣುತ್ತದೆ. ಅಲ್ಲಿಂದ ಮುಂದಿನ ಪದ ‘ಟಿಲ್ಟ್’. ಗೋಲಿ ಚಿಮ್ಮಿಸುವ ಪಿನ್‌ಬಾಲ್ ಯಂತ್ರವನ್ನು ಸಿಟ್ಟಿನಿಂದ ಅಲುಗಾಡಿಸಿದರೆ ‘ಟಿಲ್ಟ್’ ಎಂದು ತೋರಿಸಿ ಯಂತ್ರ ಆಟ ನಿಲ್ಲಿಸುತ್ತದೆ. ಅಲ್ಲಿಂದ ಬಂದ ಮಾತು. ಸೋತ ಸಿಟ್ಟಿನಲ್ಲಿ ಬುದ್ಧಿ ವಾಲಿ, ಮನಬಂದಂತೆ ಪಣ ಕಟ್ಟುವ ಸ್ಥಿತಿ ಅದು. ಯಂತ್ರವಾದರೆ ತಾನೇ ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ.

‘ಫಿಶ್’ ಎಂದರೆ ಮೀನು, ಸುಲಭವಾಗಿ ಸೋಲುವವನು. ‘ಶಾರ್ಕ್’ ಎಂದರೆ ಆ ಮೀನನ್ನು ತಿನ್ನುವವನು. ಮೇಜಿನಲ್ಲಿ ಮೀನು ಯಾರೆಂದು ತಿಳಿಯದಿದ್ದರೆ ಆ ಮೀನು ನೀನೇ ಎಂಬ ಮಾತು ಆಟಗಾರರಲ್ಲಿ ಬಳಕೆಯಲ್ಲಿದೆ. ಫೋನಿನಲ್ಲಿ ಆಡುವಾಗ ಎದುರಿನವರ ಮುಖವೇ ಕಾಣುವುದಿಲ್ಲ, ಒಂದು ಅಡ್ಡಹೆಸರು, ಒಂದು ಬೊಂಬೆಯ ಚಿತ್ರ ಅಷ್ಟೆ. ‘ಪೋಕರ್ ಫೇಸ್’ ಎಂಬ ಗಾದೆಮಾತು ಹುಟ್ಟಿದ ಆಟದಲ್ಲಿ ಮುಖವೇ ಇಲ್ಲ!

ಆನ್‌ಲೈನಿನದೇ ಆದ ಪದಗಳು ಇನ್ನಷ್ಟು. ‘ಫ್ರೀರೋಲ್’ ಎಂದರೆ ಹಣ ಕಟ್ಟದೆ ಸೇರಬಹುದಾದ ಪಂದ್ಯ, ಗಾಳದ ಎರೆಹುಳು. ‘ಸ್ಯಾಟಲೈಟ್’ ಎಂದರೆ ಕಡಿಮೆ ಹಣದ ಪಂದ್ಯ. ಗೆದ್ದರೆ ದೊಡ್ಡ ಪಂದ್ಯಕ್ಕೆ ಪ್ರವೇಶ. ಈ ಪದದ ಹಿಂದೆ ಒಂದು ನಿಜಕಥೆಯಿದೆ. 2003ರಲ್ಲಿ ಅಮೆರಿಕದ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್, ಹೆಸರೇ ‘ಹಣ ಮಾಡುವವ’, 86 ಡಾಲರಿನ ಆನ್‌ಲೈನ್ ಪಂದ್ಯದಿಂದ ಮೇಲೆ ಬಂದು ಲಾಸ್ ವೇಗಾಸ್‌ನ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ. ಮರುವರ್ಷ ಆ ಪಂದ್ಯಕ್ಕೆ ಸೇರಿದವರ ಸಂಖ್ಯೆ 839ರಿಂದ 2,576ಕ್ಕೆ ಏರಿತು. ನಮ್ಮ ಹುಡುಗನಿಗೂ ಈ ಕಥೆ ಗೊತ್ತಿತ್ತು. ಅವನೊಂದಿಗೆ ಆಡಿದ ಉಳಿದ 838 ಮಂದಿಯ ಪೈಕಿ ಒಬ್ಬನ ಹೆಸರಾದರೂ ಗೊತ್ತೇ ಎಂದು ಕೇಳಿದೆ. ಗೊತ್ತಿರಲಿಲ್ಲ.

‘ಆರ್‌ಎನ್‌ಜಿ’ ಎಂದರೆ ಎಲೆ ಕಲಸುವ ಗಣಕದ ಸೂತ್ರ. 52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ ಹೆಚ್ಚುಕಡಿಮೆ 8ರ ಮುಂದೆ 67 ಸೊನ್ನೆ. 1999ರಲ್ಲಿ ಅಮೆರಿಕದ ಭದ್ರತಾ ತಜ್ಞರ ತಂಡವೊಂದು ಆಗಿನ ಒಂದು ಆನ್‌ಲೈನ್ ಪೋಕರ್ ಕೋಣೆಯ ಸೂತ್ರವನ್ನು ಪರೀಕ್ಷಿಸಿತು. ಅದು ದಿನದ ಗಡಿಯಾರದ ಮಿಲಿಸೆಕೆಂಡನ್ನು ಹಿಡಿದು ಎಲೆ ಕಲಸುತ್ತಿತ್ತು. ದಿನಕ್ಕೆ ಮಿಲಿಸೆಕೆಂಡುಗಳು 8 ಕೋಟಿ 64 ಲಕ್ಷ ಮಾತ್ರ. ಹಾಗಾಗಿ ಕಲಸುವ ಕ್ರಮಗಳೂ ಅಷ್ಟೇ. ಗಡಿಯಾರವನ್ನು ಹೊಂದಿಸಿಕೊಂಡರೆ ಅದು ಸುಮಾರು ಎರಡು ಲಕ್ಷಕ್ಕೆ ಇಳಿಯುತ್ತಿತ್ತು. ತನ್ನ ಎರಡು ಎಲೆ, ಫ್ಲಾಪಿನ ಮೂರು ಎಲೆ ನೋಡಿ ಉಳಿದೆಲ್ಲರ ಎಲೆಗಳನ್ನೂ ಅವರು ಹೇಳಿಬಿಟ್ಟರು. ಆಮೇಲೆ ಸೂತ್ರಗಳು ಸುಧಾರಿಸಿವೆ. ಆದರೆ ಕಾಣದ ಕೈ ಕಲಸಿದ ಎಲೆಯನ್ನು ನಾವು ನಂಬಿಕೆಯ ಮೇಲೆ ಎತ್ತಿಕೊಳ್ಳುತ್ತೇವೆಂಬುದು ಬದಲಾಗಿಲ್ಲ.

ಇಷ್ಟಾಗುವಾಗ ಆರೇಳು ಪುಟ ತುಂಬಿತ್ತು. ‘ಇನ್ನೇನಾದ್ರೂ ಉಳೀತಾ?’ ಎಂದೆ. ‘ರೇಕ್ ಅಂತ ಒಂದಿದೆ. ಅದೇನೂ ಮುಖ್ಯ ಅಲ್ಲ ಸಾರ್, ಸೈಟಿನವರ ಕಮಿಷನ್. ಶೇಕಡ ಐದು ಅಷ್ಟೆ’ ಎಂದ.

ತರಗೆಲೆಗಳನ್ನು ಗೋರಿ ಒಟ್ಟುಮಾಡುವ ಹಲ್ಲುಹಲ್ಲಿನ ಸಲಕರಣೆಗೆ ಇಂಗ್ಲಿಷಿನಲ್ಲಿ ರೇಕ್ ಎನ್ನುತ್ತಾರೆ. ಪ್ರತಿ ಆಟದ ಪಾಟಿನಿಂದ ಜಾಗ ಕೊಟ್ಟವನು ಗೋರಿಕೊಳ್ಳುವ ಪಾಲಿಗೂ ಅದೇ ಹೆಸರು. ನನ್ನ ಇಡೀ ನೋಟ್‌ಬುಕ್ಕಿನಲ್ಲಿ ಅತಿ ಮುಖ್ಯವಾದ ಪದ ಇದು. ಅವನು ಇದನ್ನು ಕೊನೆಗೆ, ಬೇಡವೆಂಬಂತೆ ಹೇಳಿದ. ಲೆಕ್ಕ ಮಾಡೋಣ ಎಂದೆ. ಮೇಜಿನ ಸುತ್ತ ಆರು ಮಂದಿ. ತಲೆಗೆ ಸಾವಿರದಂತೆ ಆರು ಸಾವಿರ ರೂಪಾಯಿ. ಪಾಟು ಸರಾಸರಿ 200 ರೂಪಾಯಿ. ಶೇಕಡ ಐದರಂತೆ ಪ್ರತಿ ಆಟಕ್ಕೆ ಹತ್ತು ರೂಪಾಯಿ ರೇಕ್. ಫೋನಿನಲ್ಲಿ ಎಲೆ ಹಂಚುವುದು ಕ್ಷಣದ ಕೆಲಸ, ಗಂಟೆಗೆ ಅರವತ್ತು ಆಟ ಎನ್ನಿ. ಗಂಟೆಗೆ 600 ರೂಪಾಯಿ ಹೋಯಿತು. ಹೊಸದಾಗಿ ಯಾರೂ ಹಣ ತರದಿದ್ದರೆ, ಇದೇ ವೇಗದಲ್ಲಿ ಹತ್ತು ಗಂಟೆಗೆ ಆರು ಸಾವಿರವೂ ಖಾಲಿ! ಯಾರು ಗೆದ್ದರು, ಯಾರು ಸೋತರು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಆರು ಕೊಡಗಳ ನಡುವೆ ನೀರನ್ನು ಹಿಂದೆ ಮುಂದೆ ಸುರಿಯುತ್ತಿದ್ದಂತೆ. ಪ್ರತಿ ಸಲ ಸ್ವಲ್ಪ ಚೆಲ್ಲುತ್ತದೆ. ಕೊಡ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ನೆಲ ಒದ್ದೆ, ಕೊಡ ಖಾಲಿ.

‘ನಾಲ್ಕು ಮೇಜಿನಲ್ಲಿ ಒಟ್ಟಿಗೆ ಆಡ್ತಿದ್ದೆ ಅಂದ್ಯಲ್ಲ?’ ಎಂದು ಕೇಳಿದೆ. ಅದಕ್ಕೂ ಪದವಿದೆ, ‘ಮಲ್ಟಿ ಟೇಬ್ಲಿಂಗ್’. ಗಂಟೆಗೆ 600ರಲ್ಲಿ ಅವನ ಪಾಲು ನೂರು. ನಾಲ್ಕು ಮೇಜಿಗೆ ನಾನೂರು. ರಾತ್ರಿಗೆ ಮೂರು ಗಂಟೆಯಂತೆ ಸಾವಿರದ ಇನ್ನೂರು. ‘ನಲವತ್ತೆರಡು ಸಾವಿರಕ್ಕೆ ಎಷ್ಟು ರಾತ್ರಿ?’ ಎಂದೆ. ಅವನು ಮನಸ್ಸಿನಲ್ಲೇ ಭಾಗಿಸಿದ. ‘ಮೂವತ್ತೈದು’ ಎಂದವನು ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಸೈಟಿನಿಂದ ಸೈಟಿಗೆ ದರವೂ ಮಿತಿಯೂ ಬೇರೆ ಇರಬಹುದು. ಲೆಕ್ಕದ ಸ್ವರೂಪ ಬದಲಾಗುವುದಿಲ್ಲ. ಎದುರಾಳಿಗಳಿಗೆ ಸರಿಸಮನಾಗಿ ಆಡಿದ್ದರೂ, ಒಂದೇ ಒಂದು ಬ್ಯಾಡ್ ಬೀಟ್ ಆಗದಿದ್ದರೂ, ಆ ಹಾಸ್ಟೆಲ್ ಶುಲ್ಕ ಮೂವತ್ತೈದು ರಾತ್ರಿಗಳಲ್ಲಿ ಮುಗಿಯುವಂಥದ್ದೇ ಆಗಿತ್ತು.

‘ಹಾಗಾದ್ರೆ ಗೆಲ್ಲೋರೇ ಇಲ್ವಾ ಸಾರ್?’ ಎಂದ. ಇದ್ದಾರೆ, ಸುಳ್ಳು ಹೇಳಬಾರದು. ಉಳಿದವರಿಗಿಂತ ತುಸು ಮೇಲಾದರೆ ಸಾಲದು, ರೇಕನ್ನೂ ಮೀರುವಷ್ಟು ಮೇಲಾಗಿರಬೇಕು, ಅಂಥವರು ಕೆಲವರೇ. ಅವರ ಗಳಿಕೆ ಬರುವುದು ಮೀನುಗಳ ಜೇಬಿನಿಂದ. ‘ನಳ ಮಹಾರಾಜ ರಾಜ್ಯ ವಾಪಸ್ ಗೆದ್ದನಲ್ಲ?’ ಎಂದು ಅವನು ಕಡೆಯ ಬಾಣ ಬಿಟ್ಟ. ಒಳ್ಳೆಯ ಪ್ರಶ್ನೆ. ಮರವನ್ನು ನೋಡಿಯೇ ಎಲೆ, ಕಾಯಿಗಳ ಲೆಕ್ಕ ಹೇಳುತ್ತಿದ್ದ ಋತುಪರ್ಣನಿಂದ ನಳ ಅಕ್ಷವಿದ್ಯೆ ಕಲಿತ. ಸಂಭವನೀಯತೆಯ ನಮ್ಮ ಮೊದಲ ಪಾಠವೆಂದೇ ಅದನ್ನು ಕರೆಯಬಹುದು. ಆದರೆ ನಳ ಪುಷ್ಕರರ ನಡುವೆ ಕುಳಿತು ಪ್ರತಿ ಪಣಕ್ಕೂ ಶೇಕಡ ಐದು ಎತ್ತಿಕೊಳ್ಳುವ ಮೂರನೆಯವನು ಇರಲಿಲ್ಲ.

ಅವನು ಆ ರಾತ್ರಿಯೇ ತಂದೆಗೆ ಎಲ್ಲ ಹೇಳಿದ. ಅವರು ಬೈದರು, ಆಮೇಲೆ ಶುಲ್ಕ ಹೊಂದಿಸಿದರು. ಅಂಗಡಿಗೆ ಹೊಸ ಮಾಲು ತರಿಸುವುದು ಎರಡು ತಿಂಗಳು ತಡವಾಯಿತು.

ಪೋಕರ್ ಜಾಣ್ಮೆಯೋ ಜೂಜೋ ಎಂಬ ವಾದ ನ್ಯಾಯಾಲಯಗಳಲ್ಲೂ ನಡೆದಿದೆ. ರಮ್ಮಿ ಪ್ರಧಾನವಾಗಿ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟು 1968ರಲ್ಲೇ ಹೇಳಿತು. ಪೋಕರ್ ಕುರಿತು 2013ರಲ್ಲಿ ಕರ್ನಾಟಕ ಹೈಕೋರ್ಟು ಆಟಗಾರರ ಪರವಾಗಿ ತೀರ್ಪು ಕೊಟ್ಟರೆ, 2017ರಲ್ಲಿ ಗುಜರಾತ್ ಹೈಕೋರ್ಟು ಅದು ಜೂಜೇ ಎಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ, ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಜಾಹೀರಾತು ಮಾಡುವುದನ್ನೂ ಅಪರಾಧವಾಗಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರನ್ನು ಅಪರಾಧಿಗಳೆಂದು ಅದು ಎಣಿಸಿಲ್ಲ.

ಜಾಣ್ಮೆಯ ಆಟವೆಂದು ಒಪ್ಪಿದರೂ ಇನ್ನೊಂದು ತೊಡಕಿದೆ. 2017ರ ಜನವರಿಯಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರೇಟಸ್’ ಎಂಬ ಗಣಕಕ್ರಮ ನಾಲ್ವರು ಪಳಗಿದ ಆಟಗಾರರ ಎದುರು ಇಪ್ಪತ್ತು ದಿನ, ಒಂದು ಲಕ್ಷ ಇಪ್ಪತ್ತು ಸಾವಿರ ಆಟ ಆಡಿ ಗೆದ್ದಿತು. 2019ರಲ್ಲಿ ‘ಪ್ಲೂರಿಬಸ್’ ಆರು ಮಂದಿಯ ಮೇಜಿನಲ್ಲೂ ಗೆದ್ದಿತು. ಬೊಂಬೆಯ ಚಿತ್ರದ ಹಿಂದೆ ಕುಳಿತು ಆಡುವ ಇಂಥ ಯಂತ್ರಕ್ಕೆ ‘ಬಾಟ್’ ಎಂದು ಹೆಸರು. ಅದಕ್ಕೆ ನಿದ್ದೆಯಿಲ್ಲ, ಟಿಲ್ಟ್ ಇಲ್ಲ.

ಕಾನೂನು ಬಂದ ಮೇಲೂ ಹಣವಿಲ್ಲದ ಚಿಪ್ಪುಗಳ ಆಟಗಳು ಇವೆ. ಪದಗಳೂ ತರಗತಿಯಲ್ಲಿ ಕೇಳಿಬರುತ್ತಲೇ ಇವೆ. ಪೋಷಕರಿಗೆ ನನ್ನದೊಂದು ಸಲಹೆ: ಮಕ್ಕಳ ಬಾಯಲ್ಲಿ ಅರಿಯದ ಪದ ಕೇಳಿದರೆ ಫೋನು ಕಸಿಯುವ ಮೊದಲು ಅರ್ಥ ಕೇಳಿ. ಹೇಳಿಕೊಡುವ ಖುಷಿಯಲ್ಲಿ ಮಕ್ಕಳು ಬಹಳಷ್ಟನ್ನು ತಾವಾಗಿಯೇ ಹೇಳುತ್ತಾರೆ. ಮತ್ತು ಯಾವ ಆಟದಲ್ಲೇ ಆಗಲಿ, ಗೆಲ್ಲುವ ಕೈಗಳ ಹೆಸರು ಕಲಿಯುವುದಕ್ಕಿಂತ ಮೊದಲು, ಮೇಜು ಹಾಕಿದವನಿಗೆ ಎಷ್ಟು ಎಂಬುದನ್ನು ಇಬ್ಬರೂ ಕೂಡಿ ತಿಳಿದುಕೊಳ್ಳಿ.

ವಿದ್ಯಾರ್ಥಿಗಳಿಗೆ ಒಂದು ಮನೆಲೆಕ್ಕ. ಮೇಜಿನ ಸುತ್ತ ಆರು ಮಂದಿ, ಒಬ್ಬೊಬ್ಬರ ಬಳಿ 500 ರೂಪಾಯಿ. ಪಾಟು ಸರಾಸರಿ 80 ರೂಪಾಯಿ, ರೇಕ್ ಶೇಕಡ ಐದು, ಗಂಟೆಗೆ ಅರವತ್ತು ಆಟ. ಎಷ್ಟು ಗಂಟೆಗಳಲ್ಲಿ ಮೇಜು ಖಾಲಿಯಾಗುತ್ತದೆ? ನನಗೆ ಹನ್ನೆರಡೂವರೆ ಬಂದಿದೆ. ನೀವೂ ಮಾಡಿ ನೋಡಿ, ಹಾಳೆಯನ್ನು ಮನೆಯಲ್ಲಿ ಅಪ್ಪ ಅಮ್ಮನಿಗೆ ತೋರಿಸಿ.